ಇನ್ನೂರ ಇಪ್ಪತ್ತು ಸಲ

ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಓಣಿಯವರೆಲ್ಲ ನನ್ನನ್ನು ಆಡಿಕೊಳ್ಳುತ್ತಿದ್ದರು. ಅವರ ಮಾತು ಸುಳ್ಳಲ್ಲ, ನನ್ನ ಹೊಟ್ಟೆಪಾಡೇ ಅದು. ಇಟಲಿಯ ಕೋಮೋ ಊರಿನ ಒಂದು ರೇಷ್ಮೆ ಗಿರಣಿಯಲ್ಲಿ ಮಗ್ಗದಿಂದ ಇಳಿದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ, ಎಲ್ಲಿ ಎಣ್ಣೆಯ ಕಲೆ ತಾಗಿದೆ ಎಂದು ನೋಡುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕುಂದು ಹುಡುಕುವ ಕಣ್ಣು ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಪಕ್ಕದ ಮನೆಯವರಲ್ಲಿ, ಪಾದ್ರಿಗಳ ಪ್ರವಚನದಲ್ಲಿ, ನನ್ನನ್ನು ಮದುವೆಯಾಗುತ್ತೇನೆಂದು ಬಂದವರಲ್ಲಿ, ಎಲ್ಲ ಕಡೆಯೂ ಅದೇ ಕಾಣುತ್ತಿತ್ತು. ಒಬ್ಬನಿಗೆ ಸೂಪು ಕುಡಿಯುವಾಗ ಸೊರ್ ಎಂದು ಸದ್ದು ಮಾಡುವ ಚಾಳಿ. ಇನ್ನೊಬ್ಬನಿಗೆ ಅವನ ತಾಯಿಯ ವಿಷಯ ಬಿಟ್ಟರೆ ಬೇರೆ ಮಾತಿಲ್ಲ. ಹೀಗೆ ಒಬ್ಬೊಬ್ಬರನ್ನೇ ಪಕ್ಕಕ್ಕಿಡುತ್ತ ನಲವತ್ತು ದಾಟಿಬಿಟ್ಟೆ. ನನಗೇನೂ ಅಂಥ ದುಃಖವಿರಲಿಲ್ಲ. ಅಮ್ಮನಿಗಿತ್ತು; ಆದರೆ ಆಕೆ ಅದನ್ನು ಬಾಯಿಬಿಟ್ಟು ಹೇಳುವವಳಲ್ಲ.

ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅಮ್ಮನ ಹೆಸರು ಎರ್ಮೀನಿಯಾ. ಎಪ್ಪತ್ತು ದಾಟಿದ್ದರೂ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಆಕೆಗೆ ಪ್ರಾಣಕ್ಕೆ ಸಮನಾದದ್ದು ಎಂದರೆ ಅಡುಗೆಮನೆಯ ಕಪಾಟಿನ ಮೇಲಿದ್ದ ರೇಡಿಯೋ. ಅದರಲ್ಲಿ ಬೆಳಿಗ್ಗೆ ಪ್ರಾರ್ಥನೆ ಕೇಳುತ್ತಿದ್ದಳು, ಮಧ್ಯಾಹ್ನ ಹಾಡು ಕೇಳುತ್ತಿದ್ದಳು, ಸೈಕಲ್ ಪಂದ್ಯಗಳ ಕಾಲ ಬಂತೆಂದರೆ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಆಲೂಗಡ್ಡೆ ಸುಲಿಯುತ್ತಿದ್ದಳು.

ಆ ಕಾಲಕ್ಕೆ ನಮ್ಮ ಓಣಿಗೆ ಬರುತ್ತಿದ್ದದ್ದು ನೂರ ಇಪ್ಪತ್ತೈದು ವೋಲ್ಟಿನ ಕರೆಂಟು. ಹೊಳೆಯಾಚೆಯ ಹೊಸ ಬೀದಿಗಳಿಗೆ ಇನ್ನೂರ ಇಪ್ಪತ್ತು. ಆ ಅಳತೆಗೆ ಹೆಸರು ಕೊಟ್ಟ ಪುಣ್ಯಾತ್ಮ ಅಲೆಸ್ಸಾಂದ್ರೋ ವೋಲ್ಟಾ ಹುಟ್ಟಿದ್ದು ನಮ್ಮೂರಿನಲ್ಲೇ. ಚೌಕದಲ್ಲಿ ಕಲ್ಲಾಗಿ ನಿಂತಿದ್ದಾನೆ, ತಲೆಯ ಮೇಲೆ ಪಾರಿವಾಳ. ಅಂಥವನ ಊರಿನಲ್ಲೇ ಬೀದಿಗೊಂದು ವೋಲ್ಟು. ದೀಪದ ಬುಡ ಕತ್ತಲು ಎನ್ನುವುದು ಇದಕ್ಕೇ. ಕೊನೆಗೆ ಕರೆಂಟಿನ ಕಂಪನಿಯವರು ಊರಿಗೆಲ್ಲ ಒಂದೇ ಮಾಡುತ್ತೇವೆ ಎಂದು ಹೊರಟರು. ಅದು ಅಷ್ಟು ಸುಲಭವಲ್ಲ. ಹಳೆಯ ಬಲ್ಬು, ಹಳೆಯ ಇಸ್ತ್ರಿಪೆಟ್ಟಿಗೆ, ಹಳೆಯ ರೇಡಿಯೋ ಹಾಗೇ ಇರುವಾಗ ಹೊಸ ಕರೆಂಟು ಬಿಟ್ಟರೆ ಎಲ್ಲವೂ ಸುಟ್ಟು ಕರಕಲು. ಆದ್ದರಿಂದ ಕಂಪನಿಯವನೊಬ್ಬ ಮನೆಮನೆಗೆ ಬಂದು ಬಲ್ಬು ಬದಲಿಸಿ, ಸಾಮಾನು ಸರಿಮಾಡಿ ಹೋಗಬೇಕು. ಓಣಿಯ ಕಟ್ಟಕಡೆಯ ಮನೆ ಸಿದ್ಧವಾಗುವವರೆಗೆ ಯಾರಿಗೂ ಹೊಸ ಕರೆಂಟಿಲ್ಲ.

ಸೆಪ್ಟೆಂಬರಿನ ಒಂದು ಗುರುವಾರ ಸಂಜೆ ಆತ ನಮ್ಮ ಬಾಗಿಲಿಗೆ ಬಂದ. ಎಜೀದಿಯೋ ಜಾನೋಲಿ ಎಂದು ಹೆಸರು ಹೇಳಿದ. ಎತ್ತರದ ಆಳು, ನನಗಿಂತ ಸ್ವಲ್ಪ ದೊಡ್ಡವನು, ಕಾಲರಿನ ಎಡತುದಿ ಒಳಗೆ ಮಡಿಚಿಕೊಂಡಿತ್ತು. ಅದನ್ನೇ ನಾನು ಮೊದಲು ನೋಡಿದೆ. ಬಂದವನು ಟೋಪಿ ತೆಗೆದು ಎದೆಗೊತ್ತಿಕೊಂಡು ಅಮ್ಮನ ಮುಂದೆ ನಿಂತ.

"ಸಿನ್ಯೋರಾ, ಈಗ ನಿಮ್ಮನೇಗೆ ನೂರ ಇಪ್ಪತ್ತೈದು ವೋಲ್ಟ್ ಬರ್ತಿದೆ. ಇನ್ಮೇಲೆ ಇನ್ನೂರ ಇಪ್ಪತ್ತು ಬರುತ್ತೆ."

"ದಿನಕ್ಕಾ?" ಎಂದಳು ಅಮ್ಮ.

ಎಜೀದಿಯೋ ಕಣ್ಣು ಪಿಳಿಪಿಳಿ ಬಿಟ್ಟ.

ನಮ್ಮ ಮಾತಿನಲ್ಲಿ ವೋಲ್ಟಾ ಎಂದರೆ ಸಲ ಎಂದೂ ಅರ್ಥ. ಒಂದು ಸಲವಾದರೆ ವೋಲ್ಟಾ, ಹಲವು ಸಲವಾದರೆ ವೋಲ್ಟೆ. ಓದಿದವರು ಆ ಮನುಷ್ಯನ ಹೆಸರಿನ ಬಾಲ ಕತ್ತರಿಸಿ ವೋಲ್ಟ್ ಎಂದು ಮಾಡಿಕೊಂಡರು, ಸರಿ. ಓಣಿಯ ಮುದುಕಿಯರ ಕಿವಿಗೆ ಮಾತ್ರ ಅದು ವೋಲ್ಟೆ ಎಂದೇ ಬೀಳುತ್ತಿತ್ತು.

"ಸಲ ಅಲ್ಲ ಸಿನ್ಯೋರಾ, ವೋಲ್ಟ್."

"ಅದೇ ನಾನೂ ಹೇಳಿದ್ದು. ಈಗ ನೂರ ಇಪ್ಪತ್ತೈದು ಸಲ ಬಂದು ಹೋಗ್ತಿರೋದೇ ನಂಗೆ ಗೊತ್ತಾಗಿಲ್ಲ, ಮಲಗಿದ್ದಾಗ ಬರುತ್ತೋ ಏನೋ. ಇನ್ನೂರ ಇಪ್ಪತ್ತು ಸಲ ಬಂದ್ರೆ ನಾವೆಲ್ಲಿರೋದಪ್ಪ? ಇರೋದೇ ಎರಡು ಕೋಣೆ."

ನನಗೆ ನಗು ತಡೆಯಲಾಗಲಿಲ್ಲ. ಪಾತ್ರೆ ಒರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡೆ. ಆತ ಮಾತ್ರ ನಗಲಿಲ್ಲ. ಮುದುಕಿಯೊಬ್ಬಳು ತಪ್ಪಾಗಿ ಕೇಳಿಸಿಕೊಂಡರೆ ನಗಬಾರದು ಎಂದು ಅವನಿಗೆ ಯಾರೋ ಚೆನ್ನಾಗಿ ಕಲಿಸಿದ್ದರು. ಮತ್ತೊಮ್ಮೆ ಮೊದಲಿನಿಂದ, ಬಿಡಿಸಿ ಬಿಡಿಸಿ ಹೇಳಿದ. ಅಮ್ಮ ತಲೆಯಾಡಿಸುತ್ತ ಪೂರ್ತಿ ಕೇಳಿದಳು.

"ನೀನು ಹೇಳಿದ್ದು ಒಳ್ಳೇ ಮಾತೇ. ಆದ್ರೆ ನಂಗೆ ಯೋಚನೆ ಮಾಡೋಕೆ ಟೈಮ್ ಬೇಕು. ಮುಂದಿನ ಗುರುವಾರ ಬಾ."

ಆತ ಹೋದ ಮೇಲೆ ನಾನು ಬೈದೆ. "ಏನಮ್ಮ ಇದು, ಬೀದಿಯೋರೆಲ್ಲ ಹೂಂ ಅಂದಿದ್ದಾರೆ. ಊರಿಗೊಂದು ದಾರಿ ಆದ್ರೆ ನಿಂಗೊಂದು ದಾರಿನಾ?"

"ಅವನ ಕಾಲರ್ ಮಡಿಚಿತ್ತು, ನೋಡಿದ್ಯಾ?" ಎಂದಳು ಅಮ್ಮ.

"ನೋಡಿದೆ."

"ಮನೇಲಿ ಹೇಳೋರು ಯಾರೂ ಇಲ್ಲ ಅಂತ ಕಾಣುತ್ತೆ," ಎಂದು ಆಲೂಗಡ್ಡೆಯ ಬುಟ್ಟಿ ಎಳೆದುಕೊಂಡಳು.

ಮುಂದಿನ ಗುರುವಾರ ಆತ ಬಂದ. ಅಮ್ಮ ಕುರ್ಚಿ ಕೊಟ್ಟು ಕಾಫಿ ಕೊಟ್ಟಳು, ಕಾಫಿಗೆ ಎರಡು ತೊಟ್ಟು ಗ್ರಾಪ್ಪಾ ಸಾರಾಯಿ ಬಿಟ್ಟಳು, ಆಮೇಲೆ ಹೊಸ ತಕರಾರು ತೆಗೆದಳು. ವೋಲ್ಟು ಹೆಚ್ಚಾದರೆ ಬಿಲ್ಲೂ ಹೆಚ್ಚಾಗುತ್ತದಲ್ಲ ಎನ್ನುವುದು ಆಕೆಯ ವಾದ. ಅದನ್ನು ಕೇಳಿ ಆತ ಮೊದಲ ಸಲ ಸರಾಗವಾಗಿ ಮಾತಾಡಿದ. ಹುಟ್ಟಿ ಬೆಳೆದದ್ದು ವಾಲ್ತೆಲ್ಲೀನಾ ಕಣಿವೆಯಲ್ಲಂತೆ, ಅಪ್ಪನಿಗೆ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ಇತ್ತಂತೆ.

"ನೀರು ಮೇಲಿಂದ ಬೀಳುತ್ತಲ್ಲ ಸಿನ್ಯೋರಾ, ಎಷ್ಟು ಎತ್ತರದಿಂದ ಬೀಳುತ್ತೆ ಅನ್ನೋದು ವೋಲ್ಟ್. ಕಲ್ಲು ತಿರುಗಿ ಚೀಲಕ್ಕೆ ಹಿಟ್ಟು ಬೀಳುತ್ತಲ್ಲ, ಅದು ಕಿಲೋವ್ಯಾಟ್ ಗಂಟೆ. ಮೀಟರ್ ಅಳೆಯೋದು ಹಿಟ್ಟನ್ನ. ಎತ್ತರಕ್ಕೆ ನಾವು ಬಿಲ್ ಹಾಕೋಲ್ಲ."

"ಎತ್ತರ ಜಾಸ್ತಿ ಆದ್ರೆ ಹಿಟ್ಟೂ ಜಾಸ್ತಿ ಬೀಳಲ್ವೇನು?"

"ಎತ್ತರ ಜಾಸ್ತಿ ಇದ್ರೆ ಕಡಿಮೆ ನೀರು ಬಿಟ್ರೂ ಸಾಕಾಗುತ್ತೆ. ಹಿಟ್ಟು ಅಷ್ಟೇ."

ಅಮ್ಮ ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಬಿಟ್ಟಳು. "ನೀರು ಮೇಲೇನೇ ಸುಮ್ನೆ ನಿಂತ್ಬಿಟ್ರೆ?"

"ನಿಂತ್ರೆ ಏನಿಲ್ಲ. ಎತ್ತರ ಇರುತ್ತೆ, ಹಿಟ್ಟು ಇರಲ್ಲ."

"ಹಾಗೆ ನಿಂತಿರೋ ಜನಾನೂ ಇದ್ದಾರೆ," ಎಂದು ಅಮ್ಮ ನನ್ನನ್ನೊಮ್ಮೆ ಅವನನ್ನೊಮ್ಮೆ ನೋಡಿದಳು. "ಮದುವೆ ಆಗಿದೆಯೇನಪ್ಪ?"

ಆತನ ಕೈಯ ಬಟ್ಟಲು ತಟ್ಟೆಗೆ ತಾಗಿ ಕಾಫಿ ಚೆಲ್ಲಿತು. "ಇಲ್ಲ ಸಿನ್ಯೋರಾ. ಇವತ್ತು ಈ ಊರು, ನಾಳೆ ಆ ಊರು. ಕಂಬದಿಂದ ಕಂಬಕ್ಕೆ ತಿರುಗೋನನ್ನ ಯಾರು ಕಟ್ಕೋತಾರೆ?"

ನಾನು ಮೇಜು ಒರೆಸಿದೆ. ಒರೆಸುತ್ತ ಅವನನ್ನು ಹತ್ತಿರದಿಂದ ಪರೀಕ್ಷೆ ಮಾಡಿದೆ. ಕೈ ಶುದ್ಧವಾಗಿತ್ತು. ಮಾತು ಕಡಿಮೆ, ಅದು ಕುಂದೋ ಗುಣವೋ ಆಗ ತೀರ್ಮಾನಿಸಲಿಲ್ಲ. ಕಾಫಿ ಕುಡಿಯುವಾಗ ಸದ್ದು ಮಾಡಲಿಲ್ಲ. ಕಾಲರು ಆವತ್ತೂ ಮಡಿಚಿಕೊಂಡಿತ್ತು. ನನ್ನ ಕೈ ತಾನಾಗಿ ಮುಂದೆ ಹೋಗಿ ಅದನ್ನು ಸರಿಮಾಡಿಬಿಟ್ಟಿತು. ಮಾಡಿದ ಮೇಲೆ ನನಗೇ ಗಾಬರಿಯಾಗಿ ಒಳಗೆ ಹೋಗಿ ಒಲೆಯ ಮುಂದೆ ನಿಂತೆ.

ಅಲ್ಲಿಂದ ಮುಂದೆ ಗುರುವಾರಗಳು ನನಗೆ ಬೇರೆಯಾದವು. ಬುಧವಾರವೇ ತಲೆ ತೊಳೆದುಕೊಳ್ಳುತ್ತಿದ್ದೆ. ಗಿರಣಿಯಲ್ಲಿ ಬಟ್ಟೆ ನೋಡುವಾಗ ಕುಂದು ಕಣ್ಣು ತಪ್ಪಿ ಹೋಗಿ ಮೇಲ್ವಿಚಾರಕಿಯಿಂದ ಬೈಸಿಕೊಂಡೆ. ಇಷ್ಟು ವರ್ಷದಲ್ಲಿ ಅದೇ ಮೊದಲು, ಆದರೂ ಬೇಜಾರಾಗಲಿಲ್ಲ. ನನಗೆ ಆ ಮನುಷ್ಯ ಬೇಕಾಗಿದ್ದ. ಬೇರೆ ಮಾತು ಸೇರಿಸಿ ಚಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಆತ ನಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದರೆ ಆ ಮನೆಯಲ್ಲಿ ಇನ್ನೇನೂ ಕಡಿಮೆಯಿಲ್ಲ ಅನಿಸುತ್ತಿತ್ತು.

ಆತನಿಗೆ ಏನನಿಸುತ್ತಿತ್ತೋ ದೇವರಿಗೇ ಗೊತ್ತು. ಬರುತ್ತಿದ್ದ, ಕೂರುತ್ತಿದ್ದ, ಅಮ್ಮನ ತಕರಾರಿಗೆ ಉತ್ತರ ಹೇಳುತ್ತಿದ್ದ. ಅಮ್ಮನ ತಕರಾರಿನ ಬುಟ್ಟಿ ಬರಿದಾಗುತ್ತಲೇ ಇರಲಿಲ್ಲ. ಒಂದು ಗುರುವಾರ ಇಸ್ತ್ರಿಪೆಟ್ಟಿಗೆಯ ಮಾತು, ಇನ್ನೊಂದು ಗುರುವಾರ ಗುಡುಗು ಸಿಡಿಲಿನ ಮಾತು. ಮತ್ತೊಂದು ದಿನ ರೇಡಿಯೋದ ಸರದಿ ಬಂತು.

"ಇದು ಸುಟ್ಟುಹೋದ್ರೆ ನಾನೂ ಹೋದ ಹಾಗೇ ಲೆಕ್ಕ," ಎಂದಳು ಅಮ್ಮ.

ಆತ ರೇಡಿಯೋವನ್ನು ಹುಷಾರಾಗಿ ತಿರುಗಿಸಿ ಹಿಂಬದಿ ತೋರಿಸಿದ. ಅಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಬಿಲ್ಲೆಯೊಂದಿತ್ತು, ಸುತ್ತ ಅಂಕಿಗಳು. "ನೋಡಿ, ಈಗ ಬಾಣ ನೂರ ಇಪ್ಪತ್ತೈದಕ್ಕಿದೆ. ಒಂದು ನಾಣ್ಯ ತಗೊಂಡು ಇನ್ನೂರ ಇಪ್ಪತ್ತಕ್ಕೆ ತಿರುಗಿಸಿದ್ರೆ ಆಯ್ತು. ಹೊಸ ಕರೆಂಟು ಬಂದಾಗ ಇದು ಹಳೇದ್ರಲ್ಲೇ ಇದ್ರೆ ಮಾತ್ರ ಹೊಗೆ."

"ಇಷ್ಟೇನಾ? ನನ್ನಂಥೋಳೂ ತಿರುಗಿಸ್ಬಹುದಾ?"

"ಯಾರು ಬೇಕಾದ್ರೂ."

"ಬೇಡಪ್ಪ, ನಂಗೆ ಇದೆಲ್ಲ ತಿಳಿಯೋಲ್ಲ," ಎಂದು ಅಮ್ಮ ಎರಡೂ ಕೈ ಹಿಂದಕ್ಕೆಳೆದುಕೊಂಡಳು. "ಅದೂ ಅಲ್ದೆ ಲೊಂಬಾರ್ದಿಯಾ ಸೈಕಲ್ ಪಂದ್ಯ ಮುಗಿಯೋವರೆಗೂ ನನ್ನ ರೇಡಿಯೋ ಯಾರೂ ಮುಟ್ಟೋ ಹಾಗಿಲ್ಲ."

ಇತ್ತ ಓಣಿಯಲ್ಲಿ ಹೊಗೆ ಆಗಲೇ ಎದ್ದಿತ್ತು. ಎದುರು ಮನೆಯ ಪಿನೂಚಾ, ಬ್ರೆಡ್ಡಿನಂಗಡಿಯವನ ಹೆಂಡತಿ, ಇನ್ನೂರ ಇಪ್ಪತ್ತರ ಬಟ್ಟೆ ಒಗೆಯುವ ಯಂತ್ರವನ್ನು ಮೊದಲೇ ತರಿಸಿಟ್ಟಿದ್ದಳು. ಅದು ಅವಳ ಅಡುಗೆಮನೆಯಲ್ಲಿ ಮೇಜುಬಟ್ಟೆ ಹೊದ್ದು, ಮೇಲೊಂದು ಹೂದಾನಿ ಹೊತ್ತು ನಿಂತಿತ್ತು. ಅವಳು ಕೈಯಲ್ಲೇ ಬಟ್ಟೆ ಉಜ್ಜುತ್ತ ನಮ್ಮ ಕಿಟಕಿಯ ಕಡೆ ನೋಡಿ ಗೊಣಗುತ್ತಿದ್ದಳು. ಒಂದು ದಿನ ನಾನು ಬ್ರೆಡ್ಡು ತರಲು ಹೋದಾಗ ಅಂಗಡಿಯಲ್ಲೇ ತಡೆದು ನಿಲ್ಲಿಸಿದಳು.

"ನಿಮ್ಮಮ್ಮ ಏನು ವೋಲ್ಟಾನ ವಂಶದೋಳೇನೇ? ಒಂದು ಬಲ್ಬು ಬದಲಾಯಿಸೋಕೆ ಊರೆಲ್ಲ ಕಾಯ್ಬೇಕಾ? ಪಾಪ, ಆ ಮನುಷ್ಯನಿಗೆ ಮೇಲಿನೋರು ಬೈತಿದ್ದಾರಂತೆ. ಒಬ್ಬ ಮುದುಕೀನ ಒಪ್ಸೋಕಾಗದೋನು ಏನು ಕೆಲಸ ಮಾಡ್ತಾನೆ ಅಂತ."

"ಯಾರು ಹೇಳಿದ್ದು?"

"ಅವನಿಗೆ ಊಟ ಹಾಕೋ ಹೆಂಗಸೇ ನಂಗೆ ಹೇಳಿದ್ಲು. ನಮ್ಮ ಓಣಿ ಮುಗೀತಿದ್ದಂಗೆ ಅವನನ್ನ ಮೇಲ್ಗಡೆ ಕಣಿವೆಗೆ, ಅಣೆಕಟ್ಟಿನ ಹತ್ರ ಹಾಕ್ತಾರಂತೆ. ಹೋಗ್ಲಿ ಬಿಡು, ಅವನಿಗೂ ಸಾಕಾಗಿರುತ್ತೆ."

ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬರುವ ಬದಲು ಊರಂಚಿನ ಸರೋವರದ ಕಡೆ ನಡೆದುಬಿಟ್ಟೆ. ಅಮ್ಮ ಒಪ್ಪದಿದ್ದರೆ ಆತ ಬರುತ್ತಿರುತ್ತಾನೆ, ಆದರೆ ಬೈಗುಳ ತಿನ್ನುತ್ತಾನೆ. ಒಪ್ಪಿದರೆ ಹೊರಟೇ ಹೋಗುತ್ತಾನೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವಂಥ ದಾರಿ ಏನಾದರೂ ಇದೆಯೇ ಎಂದು ಎಷ್ಟು ತಿರುಗಿದರೂ ಹೊಳೆಯಲಿಲ್ಲ. ಮನೆಗೆ ಬರುವ ಹೊತ್ತಿಗೆ ಬ್ರೆಡ್ಡಿನ ಒಂದು ತುದಿಯನ್ನು ನಾನೇ ಮುರಿದು ತಿಂದು ಮುಗಿಸಿದ್ದೆ.

ಅದರ ಮುಂದಿನ ಶನಿವಾರ ಸೈಕಲ್ ಪಂದ್ಯ ನಮ್ಮೂರಿಗೇ ಬಂದು ಮುಗಿಯಿತು. ಊರಿಗೆ ಊರೇ ಸರೋವರದ ದಂಡೆಯಲ್ಲಿ ನಿಂತು ಕೂಗುತ್ತಿತ್ತು. ಅಮ್ಮ ಮಾತ್ರ ಕಿಟಕಿ ಮುಚ್ಚಿ ರೇಡಿಯೋದಲ್ಲೇ ಕೇಳಿದಳು. ಕಣ್ಣಿಂದ ನೋಡಿದರೆ ಒಂದೇ ಕ್ಷಣದಲ್ಲಿ ಮುಗಿದುಹೋಗುತ್ತದೆ, ರೇಡಿಯೋದಲ್ಲಾದರೆ ಇಡೀ ಮಧ್ಯಾಹ್ನ ಓಡುತ್ತದೆ ಎನ್ನುವುದು ಆಕೆಯ ಲೆಕ್ಕ. ಆ ಸಂಜೆ ಒಲೆಯ ಮೇಲೆ ಪೊಲೆಂಟಾ, ಅಂದರೆ ಜೋಳದ ಹಿಟ್ಟಿನ ಅಂಬಲಿ, ತೊಳಸುತ್ತ ನಾನು ಹೇಳಿದೆ.

"ಅಮ್ಮ, ಪಂದ್ಯ ಮುಗೀತು. ಇನ್ನು ಹೂಂ ಅಂದುಬಿಡು."

"ನೀನು ಹೇಳ್ತಿದ್ದೀಯಾ ಇದನ್ನ?"

"ಹೂಂ, ನಾನೇ. ಅವರಿಗೆ ಬೈತಿದ್ದಾರಂತೆ."

"ಮುಗಿಸಿದ್ರೆ ಕಣಿವೆಗೆ ಕಳಿಸ್ತಾರಂತಲ್ಲ."

ಕೈಯ ಕೋಲು ಪಾತ್ರೆಯಲ್ಲೇ ನಿಂತಿತು. ಪಿನೂಚಾ ನನಗೆ ಹೇಳಿದ್ದನ್ನು ಅಮ್ಮನಿಗೆ ಹೇಳದೆ ಬಿಟ್ಟಿರುತ್ತಾಳೆಯೇ?

"ಕಳಿಸ್ಲಿ," ಎಂದೆ. "ನಮ್ಮಿಂದ ಅವರ ಹೆಸರು ಕೆಡಬಾರ್ದು."

"ನೀನೇನಾದ್ರೂ ಮಾತಾಡಿದ್ದೀಯಾ ಅವನ ಹತ್ರ?"

"ಏನಂತ ಮಾತಾಡ್ಲಿ? ಅವರೇ ಏನೂ ಹೇಳದೆ ಇರೋವಾಗ?"

"ಅವನೂ ಹಂಗೇ ಅಂದ್ಕೊಂಡು ಕೂತಿರ್ತಾನೆ," ಎಂದಳು ಅಮ್ಮ. "ತಳ ಹಿಡೀತಿದೆ, ತೊಳಸು."

ಭಾನುವಾರ ಅಮ್ಮ ಒಪ್ಪಿಗೆ ಹೇಳಿ ಕಳಿಸಿದಳು; ಸೋಮವಾರ ಆತ ಚೀಲದ ತುಂಬ ಬಲ್ಬು ತುಂಬಿಕೊಂಡು ಬಂದ. ನಾನು ಗಿರಣಿಯಿಂದ ಬೇಗ ಬಿಡಿಸಿಕೊಂಡು ಬರುವ ಹೊತ್ತಿಗೆ ಹೆಚ್ಚುಕಡಿಮೆ ಕೆಲಸವೆಲ್ಲ ಮುಗಿದಿತ್ತು. ಏಣಿಯ ಮೇಲೆ ನಿಂತು ಅಡುಗೆಮನೆಯ ಕೊನೆಯ ಬಲ್ಬು ಹಾಕುತ್ತಿದ್ದ. ಇಸ್ತ್ರಿಪೆಟ್ಟಿಗೆಗೆ ಹೊಸ ತಂತಿ ಬಂದಿತ್ತು, ರೇಡಿಯೋ ಕಪಾಟಿನ ಮೇಲೆ ಮೊದಲಿನ ಜಾಗದಲ್ಲೇ ಇತ್ತು. ಕೆಳಗಿಳಿದು ಕೈ ಒರೆಸಿಕೊಂಡ.

"ನಾಳೆ ಬೆಳಿಗ್ಗೆ ಹೊಸ ಕರೆಂಟು ಬಿಡ್ತೀವಿ. ಅಲ್ಲೀವರೆಗೂ ಯಾವ್ದೂ ಹಾಕ್ಬೇಡಿ. ಇವತ್ತೊಂದು ಸಂಜೆ ಮೋಂಬತ್ತೀಲಿ ಕಳೀರಿ."

"ಊಟ ಮಾಡ್ಕೊಂಡು ಹೋಗಪ್ಪ," ಎಂದಳು ಅಮ್ಮ.

"ಇಲ್ಲ ಸಿನ್ಯೋರಾ, ಸಾಮಾನು ಕಟ್ಕೋಬೇಕು." ಆತ ನನ್ನ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದ ಹಾಗೆ ಕಂಡಿತು. "ಕಾಫಿ ಚೆನ್ನಾಗಿರ್ತಿತ್ತು, ಸಿನ್ಯೋರೀನಾ," ಎಂದ. ಇಷ್ಟು ಗುರುವಾರಗಳಿಗೆ ಅಷ್ಟೇ ಮಾತು. ಅದೂ ಕಾಫಿ ಮಾಡುತ್ತಿದ್ದದ್ದು ಅಮ್ಮ, ನಾನಲ್ಲ.

ಬಾಗಿಲಲ್ಲಿ ನಿಂತು ಆತ ಏಣಿ ಹೊತ್ತುಕೊಂಡು ಓಣಿಯ ತಿರುವು ದಾಟುವವರೆಗೂ ನೋಡಿದೆ. ದಾಟಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದೆ. ಆತನ ಮೇಲೆ ಸಿಟ್ಟು, ನನ್ನ ಮೇಲೆ ಇನ್ನೂ ಹೆಚ್ಚಿನ ಸಿಟ್ಟು. ಒಳಗೆ ಬಂದಾಗ ಅಮ್ಮ ಕುರ್ಚಿಯಲ್ಲಿ ಕೂತು ಚೆಸ್ಟ್‌ನಟ್ ಕಾಯಿಗಳ ಸಿಪ್ಪೆ ಸೀಳುತ್ತಿದ್ದಳು.

"ಎಲ್ಲ ಸರಿಯಾಗಿ ಮಾಡಿದ್ದಾನಾ ಒಂದ್ಸಲ ನೋಡೇ. ತಪ್ಪು ಹುಡುಕೋದು ನಿನ್ನ ಕಸುಬಲ್ವಾ?"

"ಅವರು ತಪ್ಪು ಮಾಡೋಲ್ಲ."

"ನೋಡು ಅಂದ್ರೆ ನೋಡು. ನನ್ನ ರೇಡಿಯೋ ಅದು."

ಬೇಸರದಿಂದಲೇ ಒಂದೊಂದಾಗಿ ನೋಡಿದೆ. ಬಲ್ಬುಗಳ ಮೇಲೆ ಇನ್ನೂರ ಇಪ್ಪತ್ತು ಎಂದೇ ಇತ್ತು. ಇಸ್ತ್ರಿಪೆಟ್ಟಿಗೆ ಸರಿ. ರೇಡಿಯೋ ತಿರುಗಿಸಿ ಮೋಂಬತ್ತಿ ಹಿಡಿದೆ. ಬಿಲ್ಲೆಯ ಬಾಣ ನೂರ ಇಪ್ಪತ್ತೈದಕ್ಕೇ ಇತ್ತು.

"ಅಮ್ಮ, ಇದನ್ನ ತಿರುಗಿಸೇ ಇಲ್ಲ."

"ಅಯ್ಯೋ ದೇವರೇ, ಬೆಳಿಗ್ಗೆ ಸುಟ್ಟೇಹೋಗುತ್ತಲ್ಲೇ," ಎಂದಳು ಅಮ್ಮ, ಕೈಯ ಚಾಕು ನಿಲ್ಲಿಸದೆ. "ಹೋಗು, ಓಡು, ಅವನನ್ನ ಕರ್ಕೊಂಡು ಬಾ. ನೀನು ಮುಟ್ಬೇಡ, ಕಂಪನಿ ಕೆಲಸ ಕಂಪನಿಯೋರೇ ಮಾಡ್ಲಿ."

ಒಂದು ನಾಣ್ಯದಿಂದ ಮುಗಿಯುವ ಕೆಲಸ. ನನ್ನ ಕೋಟಿನ ಜೇಬಿನಲ್ಲೇ ನಾಣ್ಯಗಳಿದ್ದವು, ಹೆಜ್ಜೆ ಹಾಕುವಾಗ ಜಣಜಣ ಎನ್ನುತ್ತಿದ್ದವು. ಆದರೂ ಹೋದೆ. ಕಾರಣ ಸಿಕ್ಕಿತಲ್ಲ ಎಂದು ಸಂತೋಷದಿಂದಲೇ ಹೋದೆ.

ಆತ ಇದ್ದದ್ದು ಬಂದರಿನ ಪಕ್ಕ, ದೋಣಿ ರಿಪೇರಿ ಮಾಡುವವನ ಮನೆಯ ಮಾಳಿಗೆಯಲ್ಲಿ. ನಾನು ಹೋದಾಗ ಕೆಳಗೆ ಅಂಗಳದಲ್ಲೇ, ಮಗುಚಿ ಹಾಕಿದ್ದ ದೋಣಿಯ ಮೇಲೆ ಕೂತು ನೀರು ನೋಡುತ್ತಿದ್ದ. ಸಾಮಾನು ಕಟ್ಟುವ ಆತುರವೇನೂ ಕಾಣಲಿಲ್ಲ. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ.

"ರೇಡಿಯೋದ ಬಿಲ್ಲೆ ತಿರುಗಿಸೋದು ಮರೆತಿದ್ದೀರಿ," ಎಂದೆ.

"ಇಲ್ವಲ್ಲ."

"ನೂರ ಇಪ್ಪತ್ತೈದಕ್ಕೇ ಇದೆ. ನಾನೇ ನೋಡಿದೆ."

"ತಿರುಗಿಸಿದೆ ಸಿನ್ಯೋರೀನಾ. ನಿಮ್ಮಮ್ಮನ ಜೀವ ಅದು ಅಂತ ಎಲ್ಲಕ್ಕಿಂತ ಮೊದಲು ಅದನ್ನೇ ಮಾಡ್ದೆ. ಅವರು ಪಕ್ಕದಲ್ಲೇ ನಿಂತು ನೋಡಿದ್ರು. ಯಾವ ಕಡೆ ತಿರುಗಿಸ್ಬೇಕು, ಎಷ್ಟಕ್ಕೆ ನಿಲ್ಲಿಸ್ಬೇಕು, ಎಲ್ಲ ಕೇಳಿದ್ರು."

ಆತ ಓಣಿ ದಾಟುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆನಲ್ಲ, ಆಗ ನನ್ನ ಬೆನ್ನ ಹಿಂದೆ ಅಡುಗೆಮನೆಯಲ್ಲಿ ಇದ್ದದ್ದು ಒಬ್ಬಳೇ. ವೋಲ್ಟು ಯಾವುದು, ಸಲ ಯಾವುದು ಎಂದು ತಿಳಿಯದವಳು. ಬಿಲ್ಲು, ಸಿಡಿಲು, ಇಸ್ತ್ರಿಪೆಟ್ಟಿಗೆ ಎಂದು ಗುರುವಾರದ ಮೇಲೆ ಗುರುವಾರ ಅವನನ್ನು ಕೂರಿಸಿಕೊಂಡವಳು. ಮೊದಲನೆಯ ದಿನ ಆಕೆ ನಿಜವಾಗಿಯೂ ತಪ್ಪಾಗಿ ಕೇಳಿಸಿಕೊಂಡಳೋ, ಅವನ ಮಡಿಚಿದ ಕಾಲರು ನೋಡಿದ ಕ್ಷಣದಿಂದಲೇ ನಾಟಕ ಶುರುಮಾಡಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿದರೆ ನನಗೇನೂ ತಿಳಿಯೋಲ್ಲ ಎಂದುಬಿಡುತ್ತಿದ್ದಳು. ಆ ಸಂಜೆ ನಾನು ಜೇಬಿನ ನಾಣ್ಯವೊಂದನ್ನು ಅವನ ಕೈಗಿಟ್ಟು, "ಇನ್ನೊಂದ್ಸಲ ಬಂದು ತಿರುಗಿಸಿ, ತಿರುಗಿಸಿದ ಮೇಲೂ ಬರ್ತಾ ಇರಿ," ಎಂದೆ; ಆತ ಟೋಪಿ ಹಾಕಿಕೊಂಡು ನನ್ನ ಜೊತೆ ಹೊರಟ.